ಮಗುವಿನ ಒಂದೇ ಪಕ್ಕದ ಹಲ್ಲು ಹಳದಿಯಾ? ಬೋರ್ ನೀರನ್ನು ಬೈಯುವ ಮುಂಚೆ ಇದನ್ನು ನೋಡಿ

(ಪರದೆ: ಮಗುವಿನ ಬಾಯಿಯ ಚಿತ್ರ. ಮೇಲಿನ ಎಡಪಕ್ಕದ ಮೂರು ಹಲ್ಲು ಕಂದು, ಉಳಿದವು ಬಿಳಿ.)

ದಾವಣಗೆರೆ, ಚಿತ್ರದುರ್ಗದ ಕಡೆ ಮಗುವಿನ ಹಲ್ಲಿನ ಬಣ್ಣ ಕೆಟ್ಟರೆ ಉತ್ತರ ರೆಡಿ ಇರುತ್ತದೆ: "ಬೋರ್ ನೀರು ಕಣ್ರೀ." ಸುಳ್ಳೇನಲ್ಲ. ಜಗಳೂರು, ಚಳ್ಳಕೆರೆ ಕಡೆಯ ಎಷ್ಟೋ ಬೋರ್‌ಗಳಲ್ಲಿ ಫ್ಲೋರೈಡ್ ಜಾಸ್ತಿ. ಆದರೆ ಫ್ಲೋರೈಡ್ ಕಲೆ ಎರಡೂ ಪಕ್ಕ ಹೆಚ್ಚುಕಮ್ಮಿ ಒಂದೇ ಥರ ಬರುತ್ತದೆ. ಈ ಬಾಯಿ ನೋಡಿ, ಒಂದೇ ಪಕ್ಕ. ನಡು ಹಲ್ಲಿನ ಹತ್ತಿರ ಬಂದು ನಿಂತುಬಿಟ್ಟಿದೆ.

(ಪರದೆ: ಹಲ್ಲು ಹತ್ತಿರದಿಂದ.)

ಹಲ್ಲು ಚಿಕ್ಕದು, ಮೇಲ್ಮೈ ಒರಟು, ಅಲ್ಲಲ್ಲಿ ಗುಂಡಿ. ಹುಳುಕು ಕಾಣುವುದಿಲ್ಲ, ಆದರೂ ಒಸಡಿನಲ್ಲಿ ಕೀವಿನ ಗುಳ್ಳೆ. ಇದು ರೀಜನಲ್ ಒಡೊಂಟೊಡಿಸ್‌ಪ್ಲೇಸಿಯಾ ಇರಬಹುದು. ತುಂಬಾ ಅಪರೂಪ. ಹಲ್ಲಿನ ಹೊರಪದರ, ಒಳಪದರ ಎರಡೂ ಸರಿಯಾಗಿ ಕಟ್ಟಿರುವುದಿಲ್ಲ. ಸಣ್ಣ ಬಿರುಕು ಸಾಕು, ಸೋಂಕು ನೇರ ನರದವರೆಗೆ ಹೋಗುತ್ತದೆ.

ಗೊತ್ತಾಗುವುದು ಎಕ್ಸ್‌ರೇಯಲ್ಲಿ.

(ಪರದೆ: ಓಪಿಜಿ, ಅಂದರೆ ಎರಡೂ ದವಡೆ ಒಟ್ಟಿಗೆ ಕಾಣುವ ಎಕ್ಸ್‌ರೇ.)

ಪಕ್ಕದ ಹಲ್ಲು ಗಟ್ಟಿ ಬಿಳಿ. ಇವು ಮಸುಕು ಮಸುಕು, ಬರೀ ಅಂಚಿನ ಗೆರೆ. ಅದಕ್ಕೇ ಡಾಕ್ಟರುಗಳು 'ಘೋಸ್ಟ್ ಟೀತ್', ಅಂದರೆ ದೆವ್ವದ ಹಲ್ಲು, ಅನ್ನುವುದು. ನರದ ಜಾಗ ದೊಡ್ಡದು, ಬೇರು ಮೋಟು. ಮೂಳೆಯೊಳಗೆ ಕಾಯುತ್ತಿರುವ ಶಾಶ್ವತ ಹಲ್ಲುಗಳನ್ನೂ ನೋಡಿ, ಅವೂ ಹಾಗೇ ಇವೆ. "ಹಾಲುಹಲ್ಲು ತಾನೇ, ಬಿದ್ದು ಹೊಸದು ಬರುತ್ತೆ ಬಿಡಿ" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಯಾಕೆ ಬರುತ್ತದೆ? ಖಚಿತ ಕಾರಣ ಇನ್ನೂ ಸಿಕ್ಕಿಲ್ಲ. ಹಲ್ಲು ಮೂಡುವಾಗ ಆ ಭಾಗಕ್ಕೆ ರಕ್ತ ಸರಿಯಾಗಿ ಹೋಗಿರಲಿಕ್ಕಿಲ್ಲ ಎನ್ನುವುದು ಒಂದು ಊಹೆ. ಸಾಮಾನ್ಯವಾಗಿ ವಂಶದಿಂದ ಬರುವುದಲ್ಲ. ತಾಯಿ ಗ್ರಹಣ ನೋಡಿದ್ದಕ್ಕಂತೂ ಅಲ್ಲ, ಸುಮ್ನೆ ಅವಳನ್ನು ಅನ್ನಬೇಡಿ.

ಈಗ ಚಿಕಿತ್ಸೆ. ಎಲ್ಲವನ್ನೂ ಒಂದೇ ಸಲ ಕಿತ್ತುಬಿಡೋಣ ಅಂತ ಯಾರಾದರೂ ಅಂದರೆ, ಇನ್ನೊಬ್ಬ ಮಕ್ಕಳ ದಂತವೈದ್ಯರನ್ನೂ ಕೇಳಿ. ಕೀವಿಲ್ಲದ ಹಲ್ಲನ್ನು ಆದಷ್ಟು ದಿನ ಉಳಿಸಿಕೊಳ್ಳುವುದು ಒಳ್ಳೆಯದು ಅಂತ ನನ್ನ ಅನಿಸಿಕೆ. ಹಲ್ಲು ಇದ್ದರೆ ಅದರ ಸುತ್ತಲಿನ ಮೂಳೆಯೂ ಉಳಿಯುತ್ತದೆ. ದವಡೆ ಹಲ್ಲಿಗೆ ಸ್ಟೀಲ್ ಕ್ಯಾಪ್ ಹಾಕುತ್ತಾರೆ. ಮಂಡಕ್ಕಿ, ಬೆಣ್ಣೆದೋಸೆ ತಿನ್ನಲಿ, ಚಕ್ಕುಲಿ ಮಾತ್ರ ಇನ್ನೊಂದು ಪಕ್ಕದಲ್ಲಿ. ಕೀವು ಮತ್ತೆ ಮತ್ತೆ ಬಂದರೆ ಕೀಳಲೇಬೇಕಾಗಬಹುದು. ಹಲ್ಲಿನ ಗೋಡೆ ತೆಳು, ಬೇರು ಮೋಟು ಅಂದಮೇಲೆ ರೂಟ್ ಕೆನಾಲ್ ನಿಲ್ಲುವುದು ಕಷ್ಟ. ಕಿತ್ತ ಜಾಗಕ್ಕೆ ತೆಗೆದು ಹಾಕುವ ಪುಟ್ಟ ಹಲ್ಲಿನ ಸೆಟ್ಟು. ದವಡೆ ಬೆಳೆದಂತೆ ಅದನ್ನು ಬದಲಿಸುತ್ತಿರಬೇಕು. ಇಂಪ್ಲಾಂಟ್ (ಮೂಳೆಗೆ ಕೂರಿಸುವ ಕೃತಕ ಹಲ್ಲು) ಏನಿದ್ದರೂ ದವಡೆಯ ಬೆಳವಣಿಗೆ ನಿಂತ ಮೇಲೆ.

ದಾವಣಗೆರೆಯಲ್ಲಿ ಬಾಪೂಜಿ ಡೆಂಟಲ್ ಕಾಲೇಜು, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್, ಚಿತ್ರದುರ್ಗದಲ್ಲಿ ಎಸ್‌ಜೆಎಂ ಡೆಂಟಲ್ ಕಾಲೇಜು ಇವೆ. ಮಕ್ಕಳ ಹಲ್ಲಿನ ವಿಭಾಗ ಎಲ್ಲಿ ಅಂತ ಕೇಳಿ ಹೋಗಿ. ಹಳೇ ಎಕ್ಸ್‌ರೇಗಳನ್ನು ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ, ವರ್ಷಗಟ್ಟಲೆ ಬೇಕಾಗುತ್ತವೆ. ಕೆನ್ನೆ ಊದಿ ಜ್ವರ ಬಂದರೆ ಮಾತ್ರ ನಾಳೆಗೆ ಅಂತ ಕಾಯಬೇಡಿ, ಅವತ್ತೇ ಹೋಗಿ.