ಮೂರು ಕಾಲಕ್ಕೆ ಒಂದೇ ಮನೆ: ಕಡಿಮೆ ದುಡ್ಡಲ್ಲಿ ಅಲಂಕಾರ, ಕಿಟಕಿಯಿಂದ ಶುರು

[ದೃಶ್ಯ: ಬಾಡಿಗೆ ಮನೆಯ ಹಾಲ್. ಸಂಜೆ ನಾಲ್ಕರ ಬಿಸಿಲು ಸೋಫಾ ಮೇಲೆ ಬಿದ್ದಿದೆ.]

ನಮಸ್ಕಾರ. ಮನೆ ಅಲಂಕಾರದ ವಿಡಿಯೋ ಅಂದ್ರೆ ಅಂಗಡಿಯಿಂದ ಶುರುವಾಗೋದು ರೂಢಿ. ಇವತ್ತು ಕಿಟಕಿಯಿಂದ ಶುರು ಮಾಡೋಣ. ಫೋನಲ್ಲಿ ದಿಕ್ಸೂಚಿ ಇರುತ್ತೆ, ತೆಗೀರಿ. ಹಾಲ್ ಕಿಟಕಿ ಯಾವ ದಿಕ್ಕಿಗಿದೆ, ಮಲಗೋ ಕೋಣೆಯದು ಯಾವ ದಿಕ್ಕಿಗಿದೆ, ಒಂದು ಚೀಟಿಯಲ್ಲಿ ಬರ್ಕೊಳ್ಳಿ. ದುಡ್ಡು ಎಲ್ಲಿ ಹಾಕ್ಬೇಕು, ಎಲ್ಲಿ ಒಂದು ರೂಪಾಯಿನೂ ಹಾಕ್ಬಾರದು ಅನ್ನೋದು ಆ ಚೀಟಿಯಿಂದಲೇ ಗೊತ್ತಾಗುತ್ತೆ.

[ಗ್ರಾಫಿಕ್: ಮನೆಯ ಮೇಲೆ ಸೂರ್ಯನ ದಾರಿ. ಏಪ್ರಿಲ್, ಜೂನ್, ಡಿಸೆಂಬರ್.]

ಯಾಕೆ ಅಂತ ಹೇಳ್ತೀನಿ. ಬೆಂಗಳೂರು, ಮಂಗಳೂರು ಎರಡೂ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಏಪ್ರಿಲ್ 24ರ ಆಸುಪಾಸು ನಡುಮಧ್ಯಾಹ್ನ ಇಲ್ಲಿ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರ್ತಾನೆ. ನೆಟ್ಟಗೆ ನಿಲ್ಲಿಸಿದ ಕಂಬಕ್ಕೆ ನೆರಳೇ ಬೀಳಲ್ಲ. ಶೂನ್ಯ ನೆರಳಿನ ದಿನ ಅಂತ ಸ್ಕೂಲ್ ಮಕ್ಕಳು ಬಾಟಲಿ ನಿಲ್ಲಿಸಿ ನೋಡ್ತಾರಲ್ಲ, ಅದೇ. ಆಗಸ್ಟ್ 18ರ ಹೊತ್ತಿಗೆ ಅದು ಇನ್ನೊಂದು ಸಲ ಆಗುತ್ತೆ. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ಸ್ವಲ್ಪ ಉತ್ತರಕ್ಕೇ ಇರ್ತಾನೆ. ಅಂದ್ರೆ ಏಪ್ರಿಲ್, ಮೇ ತಿಂಗಳ ಸುಡು ಬಿಸಿಲಲ್ಲೂ ದಕ್ಷಿಣದ ಕಿಟಕಿಗೆ ನೇರ ಬಿಸಿಲು ಇಲ್ಲವೇ ಇಲ್ಲ ಅನ್ನಬಹುದು. ಕಾಟ ಕೊಡೋದು ಪಶ್ಚಿಮ. ಪೂರ್ವದ್ದು ಬೆಳಗ್ಗೆ ಸ್ವಲ್ಪ ಹೊತ್ತು.

ಡಿಸೆಂಬರಲ್ಲಿ ಪೂರ್ತಿ ಉಲ್ಟಾ. ಬೆಂಗಳೂರಲ್ಲಿ ನಡುಮಧ್ಯಾಹ್ನವೂ ಸೂರ್ಯ ಸುಮಾರು 54 ಡಿಗ್ರಿ ಎತ್ತರಕ್ಕಷ್ಟೇ ಬರ್ತಾನೆ, ದಕ್ಷಿಣಕ್ಕೆ ವಾಲಿರ್ತಾನೆ. ಆಗ ದಕ್ಷಿಣದ ಕಿಟಕಿಯಿಂದ ಬಿಸಿಲು ಒಳಗೇ ಬಂದು ಕೂರುತ್ತೆ.

ಹಾಗಾಗಿ ಮನೆ ತುಂಬ ಕರ್ಟನ್ ಬದಲಾಯಿಸ್ತೀನಿ ಅಂತ ಹೊರಡಬೇಡಿ. ಇರೋ ಬಟ್ಟೆ, ಇರೋ ದೀಪ, ಇರೋ ಕುರ್ಚಿ, ಇವನ್ನೇ ಕಾಲಕ್ಕೆ ತಕ್ಕ ಹಾಗೆ ಒಂದು ಕಿಟಕಿಯಿಂದ ಇನ್ನೊಂದಕ್ಕೆ ಸಾಗಿಸಿದ್ರೆ ಅರ್ಧ ಅಲಂಕಾರ ಆಯ್ತು. ಮಿಕ್ಕ ಅರ್ಧಕ್ಕೆ ಮಾತ್ರ ದುಡ್ಡು.

[ದೃಶ್ಯ: ಪಶ್ಚಿಮದ ಬಾಲ್ಕನಿ. ಹೊರಗಡೆ ಬಿದಿರಿನ ಚಿಕ್ಕು, ಅಂದ್ರೆ ಬಿದಿರು ಕಡ್ಡಿಯ ಪರದೆ, ಇಳಿಬಿಟ್ಟಿದೆ.]

ಬೇಸಿಗೆ. ಪಶ್ಚಿಮದ ಕಿಟಕಿಗೆ ದಪ್ಪ ಕರ್ಟನ್ ಹಾಕಿದ್ರೂ ರೂಮು ಕಾಯುತ್ತೆ, ಗಮನಿಸಿದ್ದೀರಾ? ಬಿಸಿಲು ಗಾಜು ದಾಟಿ ಒಳಗೆ ಬಂದ ಮೇಲೆ ತಡೆದು ಏನು ಪ್ರಯೋಜನ? ಕರ್ಟನ್ನೇ ಕಾದು ಆ ಶಾಖವನ್ನ ರೂಮಿಗೆ ಬಿಡುತ್ತೆ. ತಡೆಯೋದಿದ್ರೆ ಗಾಜಿನ ಆಚೆಗೇ ತಡೀಬೇಕು. ಬಿದಿರಿನ ಚಿಕ್ಕು ಸಿಕ್ಕರೆ ಚೆಂದ. ಇಲ್ಲಾಂದ್ರೆ ನರ್ಸರಿಗೆ ಹಾಕೋ ಹಸಿರು ನೆರಳು ಬಲೆ ಇದೆ, ಕೃಷಿ ಸಾಮಾನಿನ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತೆ. 50 ಪರ್ಸೆಂಟ್ ಅಂತ ಕೇಳಿ ತಗೊಳ್ಳಿ, ಅರ್ಧ ಬೆಳಕು ತಡೆಯುತ್ತೆ. ಗ್ರಿಲ್‌ಗೆ ದಾರದಲ್ಲಿ ಕಟ್ಟಿದ್ರೆ ಸಾಕು, ಮೊಳೆ ಬೇಡ. ಖಾಲಿ ಮಾಡುವಾಗ ಪೇಂಟಿಂಗ್ ಹೆಸರಲ್ಲಿ ಅಡ್ವಾನ್ಸ್‌ನಿಂದ ಒಂದು ತಿಂಗಳ ಬಾಡಿಗೆ ಹಿಡ್ಕೊಳ್ಳೋ ಊರಲ್ಲಿ ಪ್ರತಿ ಮೊಳೆಗೂ ಲೆಕ್ಕ ಇದೆ.

ಲಾವಂಚದ ತಟ್ಟಿ ಬಗ್ಗೆ ತುಂಬ ಜನ ಕೇಳ್ತೀರಿ. ನೀರು ಚಿಮುಕಿಸಿದ್ರೆ ತಂಪೂ ಬರುತ್ತೆ, ಘಮವೂ ಬರುತ್ತೆ. ಆದ್ರೆ ಆ ತಂಪು ನೀರು ಆವಿಯಾಗೋದ್ರಿಂದ ಬರೋದು, ಅದಕ್ಕೆ ಒಣ ಗಾಳಿ ಬೇಕು. ಕಲಬುರಗಿ, ರಾಯಚೂರು, ಬಳ್ಳಾರಿಯವರು ಕಣ್ಣು ಮುಚ್ಚಿ ತಗೊಳ್ಳಿ. ಮಂಗಳೂರು, ಕಾರವಾರದವರು ದುಡ್ಡು ಉಳಿಸ್ಕೊಳ್ಳಿ. ಅಲ್ಲಿ ಗಾಳಿಯಲ್ಲಿ ಆಗಲೇ ನೀರಿದೆ, ನಿಮ್ಮ ಪಾಲಿಗೆ ಒಂದು ಒದ್ದೆ ತಟ್ಟಿ ಉಳಿಯುತ್ತೆ ಅಷ್ಟೇ.

[ದೃಶ್ಯ: ನೆಲದ ಮೇಲೆ ಹಾಸಿದ ಹಳೇ ಕಾಟನ್ ಸೀರೆ. ಟೇಪು, ಕತ್ತರಿ, ಬಟ್ಟೆ ಮೇಲೆ ಗುರುತು ಮಾಡೋ ಸೀಮೆಸುಣ್ಣ. ಕ್ಯಾಮೆರಾ ಹತ್ತಿರಕ್ಕೆ.]

ಇನ್ನು ಕಿಟಕಿಯ ಒಳಗಡೆಗೆ. ಬೀರುವಿನಲ್ಲಿ ಉಡದೇ ಇಟ್ಟಿರೋ ಕಾಟನ್ ಸೀರೆ ಒಂದಾದ್ರೂ ಇರುತ್ತೆ. ಅಮ್ಮನ್ನ ಕೇಳಿ ತಗೊಳ್ಳಿ, ಕೇಳದೆ ಕತ್ತರಿ ಹಾಕ್ಬೇಡಿ. ಸೀರೆ ಐದೂವರೆ ಮೀಟರ್, ಅಂದ್ರೆ ಸುಮಾರು 216 ಇಂಚು. ಅಗಲ 45 ಇಂಚು. ಏಳು ಅಡಿ ಎತ್ತರದ ಬಾಲ್ಕನಿ ಬಾಗಿಲಿಗೆ 84 ಇಂಚು ಬೇಕು. ರಾಡ್ ತೂರಿಸೋಕೆ ಮೇಲೆ ಮೂರು ಇಂಚು, ಕೆಳಗೆ ಮಡಚೋಕೆ ಮೂರು, ಒಟ್ಟು 90. ಸೆರಗಿಲ್ಲದ ತುದಿಯಿಂದ ಅಳೆದು 90, ಮತ್ತೆ 90, ಇಲ್ಲಿ ಕತ್ತರಿಸಿ. ಎರಡು ಕರ್ಟನ್ ಆಯ್ತು. ಸೀರೆ ಅಂಚು ಎರಡೂ ಬದಿಯಲ್ಲಿ ಮೇಲಿಂದ ಕೆಳಗೆ ಇಳಿಯುತ್ತೆ, ಪಕ್ಕದಲ್ಲಿ ಹೊಲಿಗೆ ಕೆಲಸವೇ ಇಲ್ಲ. ನಾಲ್ಕಡಿ ಅಗಲದ ಬಾಗಿಲಿಗೆ ಈ ಎರಡು ತುಂಡು ನೆರಿಗೆ ಸಮೇತ ಸರಿಹೋಗುತ್ತೆ. ಕಿಟಕಿ ಅಗಲಕ್ಕಿಂತ ಬಟ್ಟೆ ಅಗಲ ಒಂದೂವರೆಯಿಂದ ಎರಡು ಪಟ್ಟು ಇದ್ರೇನೇ ಕರ್ಟನ್ ತುಂಬಿಕೊಂಡು ಕಾಣೋದು.

ಉಳಿದಿದ್ದು 36 ಇಂಚು, ಅದೂ ಸೆರಗಿನ ಕಡೆ. ಅದನ್ನ ಎಸೀಬೇಡಿ. ಅಗಲಕ್ಕೆ ಹದಿನೇಳು ಇಂಚಿನ ಎರಡು ಪಟ್ಟಿ ಮಾಡಿ. ಒಂದೊಂದು ಪಟ್ಟಿ 45 ಇಂಚು ಉದ್ದ ಬರುತ್ತೆ. ಹದಿನಾರು ಇಂಚಿನ ಕುಶನ್‌ಗೆ ಹಿಂದೆ ಒಂದರ ಮೇಲೊಂದು ಮಡಚಿಕೊಳ್ಳೋ ಹಾಗೆ ಹೊಲಿದ್ರೆ ಜಿಪ್ಪೂ ಬೇಡ. ಕರ್ಟನ್ನಿಗೂ ಕುಶನ್ನಿಗೂ ತಾನಾಗೇ ಮ್ಯಾಚಿಂಗ್. ಹೊಲಿಗೆ ಮಷಿನ್ ಇಲ್ಲದವರಿಗೆ ಖರ್ಚು ಅಂದ್ರೆ ಟೈಲರ್ ಕೂಲಿ ಒಂದೇ.

ರೇಷ್ಮೆ ಸೀರೆ ಮಾತ್ರ ಈ ಕೆಲಸಕ್ಕೆ ಬೇಡ. ಬಿಸಿಲು ತಗುಲಿ ತಗುಲಿ ರೇಷ್ಮೆ ಪಿಸಿದು ಹೋಗುತ್ತೆ.

ಯುಗಾದಿಗೆ ಮಾವಿನ ತೋರಣ ನೀವು ಹೇಗೂ ಕಟ್ತೀರಿ, ನಾನು ಹೇಳಿಕೊಡೋದು ಏನಿಲ್ಲ. ಪ್ಲಾಸ್ಟಿಕ್ ತೋರಣ ವರ್ಷವಿಡೀ ಧೂಳು ಹಿಡ್ಕೊಂಡು ಬಾಗಿಲಲ್ಲಿ ನೇತಾಡೋದು ಮಾತ್ರ ನನಗೆ ಸೇರಲ್ಲ. ಮಾವಿನೆಲೆ ಒಣಗಿದ್ರೂ ಅದಕ್ಕಿಂತ ವಾಸಿ.

[ದೃಶ್ಯ: ಕಿಟಕಿ ಹೊರಗೆ ಮಳೆ. ಒಳಗೆ ಸ್ಟ್ಯಾಂಡ್ ತುಂಬ ಒದ್ದೆ ಬಟ್ಟೆ.]

ಮಳೆಗಾಲ. ಈಗ ಕಾಣ್ತಿದೆಯಲ್ಲ, ಮಳೆಗಾಲದಲ್ಲಿ ನಮ್ಮೆಲ್ಲರ ಹಾಲ್‌ನ ನಿಜವಾದ ಅಲಂಕಾರ ಇದೇ. ಇದನ್ನ ಬಿಟ್ಟು ಮಾತಾಡೋ ವಿಡಿಯೋಗಳನ್ನ ನಂಬಬೇಡಿ. ಬಟ್ಟೆ ಸ್ಟ್ಯಾಂಡನ್ನ ಫ್ಯಾನ್ ಗಾಳಿ ಸಿಗೋ ಒಂದು ಮೂಲೆಗೆ ಖಾಯಂ ಮಾಡಿ. ಬಂದವರ ಕಣ್ಣಿಗೆ ಬೀಳಬಾರದು ಅಂದ್ರೆ ಮುಂದೆ ಒಂದು ತಂತಿ ಎಳೆದು, ಬೇಸಿಗೆಯಲ್ಲಿ ಪಶ್ಚಿಮಕ್ಕೆ ಹಾಕಿದ್ದ ಅದೇ ಸೀರೆ ಕರ್ಟನ್ ತಂದು ತೂಗು ಹಾಕಿ. ತೆಳ್ಳಗಿರೋದ್ರಿಂದ ಗಾಳಿ ಆಡುತ್ತೆ, ಮರೆಯೂ ಆಗುತ್ತೆ.

ಈ ಕಾಲದಲ್ಲಿ ಸೇರಿಸೋದಕ್ಕಿಂತ ತೆಗೆಯೋದೇ ಹೆಚ್ಚು. ಕಾರ್ಪೆಟ್ ಸುತ್ತಿಡಿ. ದಪ್ಪ ಕರ್ಟನ್ ಇಳಿಸಿ. ಬೀರು, ಸೋಫಾ ಗೋಡೆಗೆ ಅಂಟಿಕೊಂಡಿದ್ರೆ ನಾಲ್ಕು ಬೆರಳು ಮುಂದಕ್ಕೆ ಎಳೀರಿ, ಇಲ್ಲಾಂದ್ರೆ ಹಿಂದೆ ಬೂಷ್ಟು ಹಿಡಿಯುತ್ತೆ. ಕರಾವಳಿ, ಮಲೆನಾಡಿನವರಿಗೆ ಇದೆಲ್ಲ ಹೇಳಬೇಕಾಗಿಲ್ಲ. ಜೂನ್‌ಗೆ ಮುಂಚೆನೇ ಜಗಲಿಗೆ ಅಡಿಕೆ ಸೋಗೆ, ತೆಂಗಿನ ಮಡಲಿನ ತಟ್ಟಿ ಕಟ್ಟಿ ಎರಚಲು ತಡೀತಿದ್ದ ಮನೆಗಳು ಅವು. ಬೆಂಗಳೂರಿನವರು ಮಾತ್ರ ಒಂದು ನೆನಪಿಟ್ಕೊಳ್ಳಿ: ನಮ್ಮಲ್ಲಿ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ಗೆ. ಆಗಸ್ಟ್ ಕಳೀತು ಅಂತ ಕಾರ್ಪೆಟ್ ಬಿಚ್ಚಬೇಡಿ.

ಖರ್ಚು ಮಾಡೋದಾದ್ರೆ ದೀಪಕ್ಕೆ ಮಾಡಿ. ಮೋಡ ಕವಿದ ಮಧ್ಯಾಹ್ನ ಟ್ಯೂಬ್‌ಲೈಟ್ ಹಾಕಿದ್ರೆ ಮನೆ ಆಸ್ಪತ್ರೆ ವಾರ್ಡ್ ಆಗುತ್ತೆ. ಬಲ್ಬಿನ ಡಬ್ಬಿ ಮೇಲೆ ನೋಡಿ, 6500ಕೆ ಅಂತಿದ್ರೆ ಬಿಳಿ ಬೆಳಕು, 2700ಕೆ ಅಥವಾ 3000ಕೆ ಅಂತಿದ್ರೆ ಹಳದಿ. ಓದೋ ಮೇಜಿಗೆ, ಅಡುಗೆ ಕಟ್ಟೆಗೆ ಬಿಳಿ ಇರಲಿ. ಕೂತು ಕಾಫಿ ಕುಡಿಯೋ ಮೂಲೆಗೆ ಐದು ವ್ಯಾಟಿನ ಹಳದಿ ಎಲ್‌ಇಡಿ ಒಂದೇ ಸಾಕು, ಅದೂ ಕಣ್ಣಿನ ಮಟ್ಟಕ್ಕಿಂತ ಕೆಳಗೆ. ಮೇಲೆ ಮುಚ್ಚೋಕೆ ಬೆತ್ತದ ಬುಟ್ಟಿ ಬೋರಲು ಹಾಕಿ, ಗೋಡೆ ತುಂಬ ನೆರಳಿನ ಚಿತ್ತಾರ ಬೀಳುತ್ತೆ. ಎಲ್‌ಇಡಿ ಮಾತ್ರ, ಹಳೇ ಕಾಲದ ತಂತಿ ಬಲ್ಬ್ ಇಟ್ಟರೆ ಬುಟ್ಟಿ ಹೊತ್ತಿಕೊಳ್ಳಬಹುದು.

ಗಾಜಿನ ಬಾಟಲಿಯಲ್ಲಿ ಮನಿ ಪ್ಲಾಂಟ್ ಇಟ್ಟಿದ್ದೀರಾ? ಚೆಂದ, ಪುಕ್ಕಟೆ. ಆದ್ರೆ ವಾರಕ್ಕೊಮ್ಮೆ ನೀರು ಬದಲಾಯಿಸಲೇಬೇಕು. ಡೆಂಗಿ ಹರಡೋ ಸೊಳ್ಳೆ ಮೊಟ್ಟೆಯಿಂದ ಹಾರೋ ಮಟ್ಟಕ್ಕೆ ಬರೋಕೆ ಹೆಚ್ಚುಕಮ್ಮಿ ಒಂದು ವಾರ, ಹತ್ತು ದಿನ ಸಾಕು. ಕುಂಡದ ಕೆಳಗಿನ ತಟ್ಟೆಯ ನೀರಿಗೂ ಇದೇ ಮಾತು.

[ದೃಶ್ಯ: ಟ್ರಂಕು, ಪುಸ್ತಕದ ಕಟ್ಟು ಜೋಡಿಸಿ ಮಾಡಿದ ಮೆಟ್ಟಿಲು. ಮೇಲೆ ಬಿಳಿ ಪಂಚೆ ಹಾಸ್ತಿದ್ದಾರೆ.]

ಶ್ರಾವಣದಿಂದ ದೀಪಾವಳಿವರೆಗೆ ಹಬ್ಬವೋ ಹಬ್ಬ, ಹೂವಿನ ರೇಟು ಕೇಳಿದ್ರೆ ಎದೆ ಧಸಕ್ ಅನ್ನುತ್ತೆ. ವರಮಹಾಲಕ್ಷ್ಮಿ ಹಿಂದಿನ ದಿನ ಮಾರ್ಕೆಟ್ಟಿಗೆ ಹೋಗಿ ಚೌಕಾಸಿ ಮಾಡೋದು ವ್ಯರ್ಥ. ದೇವರಿಗೆ ಹೂ ಇರಲಿ. ಬಾಗಿಲಿಗೆ, ಮಂಟಪದ ಹಿಂದಕ್ಕೆ ಬಾಳೆಕಂದು, ಮಾವಿನೆಲೆ, ಜರಿ ಸೀರೆ ಸಾಕು. ರೇಷ್ಮೆ ಸೀರೆಗೆ ಸರಿಯಾದ ಜಾಗ ಇದು. ಎರಡು ದಿನ ಮಂಟಪದ ಹಿಂದೆ ನೆರಿಗೆ ಹಿಡಿದು ನಿಲ್ಲಿಸಿ, ಮಡಚಿ ಒಳಗಿಡೋದು.

ದಸರೆಗೆ ಗೊಂಬೆ ಕೂರಿಸೋರು ರೆಡಿಮೇಡ್ ಸ್ಟ್ಯಾಂಡಿಗೆ ಸಾವಿರಗಟ್ಟಲೆ ಸುರಿಯೋದು ನೋಡಿದ್ರೆ ಬೇಜಾರಾಗುತ್ತೆ. ಟ್ರಂಕು, ಸೂಟ್‌ಕೇಸ್, ಪುಸ್ತಕ ಜೋಡಿಸಿ ಮೇಲೆ ಒಂದು ಪಂಚೆ ಹಾಸಿ, ಆಯ್ತು ಮೆಟ್ಟಿಲು. ಮೆಟ್ಟಿಲು ಬೆಸ ಸಂಖ್ಯೆಯಲ್ಲಿರಲಿ, ಮೂರಾದ್ರೂ ಸರಿ. ಮೇಲೆ ಪಟ್ಟದ ಗೊಂಬೆ. ದುಡ್ಡು ಗೊಂಬೆಗೆ ಹೋಗಲಿ. ವರ್ಷಕ್ಕೊಂದು ಚನ್ನಪಟ್ಟಣದ್ದೋ ಕಿನ್ನಾಳದ್ದೋ ಸೇರಿಸ್ತಾ ಹೋಗಿ.

ದೀಪಾವಳಿಗೆ ಸೀರಿಯಲ್ ಸೆಟ್ ಹೊರಗೆ ಹಾಕೋದಾದ್ರೆ ಡಬ್ಬಿ ಮೇಲೆ ಐಪಿ65 ಇದೆಯಾ ನೋಡಿ, ಧೂಳು, ನೀರು ಒಳಗೆ ಹೋಗಲ್ಲ ಅನ್ನೋ ಗುರುತು ಅದು. ಮನೆಯೊಳಗಿನ ಸೆಟ್ಟನ್ನ ಬಾಲ್ಕನಿಗೆ ಕಟ್ಟೋದು, ಮಳೆ ಬರೋದು, ಶಾಕ್ ಹೊಡೆಯೋದು, ಇದೆಲ್ಲ ಬೇಡ.

[ದೃಶ್ಯ: ಡಿಸೆಂಬರ್ ಬೆಳಗು. ದಕ್ಷಿಣದ ಕಿಟಕಿ ಪಕ್ಕ ಒಂದು ಕುರ್ಚಿ, ಅದರ ಮೇಲೆ ಕೌದಿ.]

ಚಳಿಗಾಲ. ದಕ್ಷಿಣದ ಕಿಟಕಿಯ ಕರ್ಟನ್ ಪೂರ್ತಿ ಸರಿಸಿ, ಮನೇಲಿರೋ ಒಳ್ಳೇ ಕುರ್ಚಿ ಅಲ್ಲಿಗೆ ತನ್ನಿ. ಇದು ಖರ್ಚಿಲ್ಲದ ಅಲಂಕಾರ. ಕುರ್ಚಿ ಮೇಲೆ ಕೌದಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೇ ಸೀರೆ ಪದರದ ಮೇಲೆ ಪದರ ಇಟ್ಟು ಕೈಯಲ್ಲೇ ಹೊಲಿದಿದ್ದು ಒಂದಾದ್ರೂ ಇರುತ್ತೆ. ಹಾಸಿಗೆ ಕೆಳಗೆ ಸೇರಿಸಿಬಿಟ್ಟಿದ್ರೆ ಹೊರಗೆ ತನ್ನಿ, ಬಿಸಿಲಿಗೆ ಹಾಕಿ, ಸೋಫಾ ಬೆನ್ನಿಗೆ ಹೊದಿಸಿ. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿಯೋ ಕೌದಿಯಂತೂ ಬಣ್ಣದ ಚಿಂದಿಗಳನ್ನೇ ಚಿತ್ರ ಮಾಡಿಬಿಡುತ್ತೆ. ಅದನ್ನ ಗೋಡೆಗೇ ತೂಗು ಹಾಕಬಹುದು. ಕುಶನ್ ಕವರ್ ಬದಲಾಯಿಸಬೇಕು ಅಂದ್ರೆ ಗುಳೇದಗುಡ್ಡದ ಖಣ ತಗೊಳ್ಳಿ. ಕುಬುಸದ ಬಟ್ಟೆ ಅದು, ಒಂದೆರಡು ಖಣದಲ್ಲಿ ಸೋಫಾದ ಬಣ್ಣವೇ ಬೇರೆಯಾಗುತ್ತೆ.

ವರ್ಷಪೂರ್ತಿ ಹೀಗೆ ಕೈ ಹಿಡಿದು ಖರ್ಚು ಮಾಡಿದ್ರೆ ಸ್ವಲ್ಪ ದುಡ್ಡು ಉಳಿದಿರುತ್ತೆ. ನನ್ನನ್ನ ಕೇಳಿದ್ರೆ ಅದನ್ನ ಒಂದೇ ವಸ್ತುವಿಗೆ ಹಾಕಿ: ನವಲಗುಂದದ ಜಮಖಾನೆ. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಂಗಸರೇ ಕೈಮಗ್ಗದಲ್ಲಿ ನೇಯೋ ಹತ್ತಿ ಜಮಖಾನೆ ಇದು. ನವಿಲು, ಪಗಡೆ ಹಾಸಿನ ವಿನ್ಯಾಸ ಇದರ ಗುರುತು. ಆ ಊರಿನದ್ದೇ ಅಂತ ಗುರುತಿಸೋ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆಯೂ ಇದೆ. ನೇಯೋರು ಈಗ ಬೆರಳೆಣಿಕೆಯಷ್ಟು. ಅಗ್ಗ ಅಲ್ಲ, ಆದ್ರೆ ಎರಡು ವರ್ಷಕ್ಕೊಮ್ಮೆ ಎಸೆಯೋ ಸಿಂಥೆಟಿಕ್ ಕಾರ್ಪೆಟ್ ಲೆಕ್ಕ ಹಾಕಿದ್ರೆ ದುಬಾರಿಯೂ ಅಲ್ಲ. ಚಳಿಗಾಲದಲ್ಲಿ ನೆಲಕ್ಕೆ ಹಾಸಿ. ಬೇಸಿಗೆಯಲ್ಲಿ ದಿವಾನದ ಮೇಲೆ. ಮಳೆ ಶುರುವಾಗೋ ಮುಂಚೆ ಒಂದು ದಿನ ಬಿಸಿಲು ಕಾಣಿಸಿ, ಒಣಗಿದ ಬೇವಿನೆಲೆ ಹಾಕಿ, ಮಡಚದೆ ಸುರುಳಿ ಸುತ್ತಿ ಹಳೇ ಬೆಡ್‌ಶೀಟಲ್ಲಿ ಕಟ್ಟಿಡಿ. ಪ್ಲಾಸ್ಟಿಕ್ ಕವರ್ ಬೇಡ, ಒಳಗೆ ಬೆವರುತ್ತೆ. ವಾಷಿಂಗ್ ಮಷಿನ್‌ಗಂತೂ ಹಾಕಲೇಬೇಡಿ.