ಕೋಟಿಯ ಆಸೆ, ನೂರರ ಅಭ್ಯಾಸ

ಮಾನ್ಯ ಅಧ್ಯಕ್ಷರೇ, ಸಭಿಕರೇ,

ಲಾಟರಿಯ ವಿಷಯವನ್ನು ಕಾಸರಗೋಡಿನ ಸಭೆಯೊಂದರಲ್ಲಿ ಎತ್ತಿಕೊಳ್ಳುವವನಿಗೆ ದೊಡ್ಡ ಪೀಠಿಕೆಯ ಅಗತ್ಯವಿಲ್ಲ. ಗಡಿಯ ತಲಪಾಡಿಯ ಆಚೆ, ಕರ್ನಾಟಕದಲ್ಲಿ, 2007ರಿಂದ ಲಾಟರಿಗೆ ನಿಷೇಧವಿದೆ. ಗಡಿ ದಾಟಿ ಈಚೆ, ಕೇರಳಕ್ಕೆ, ಬಂದು ಹೊಸಂಗಡಿ, ಉಪ್ಪಳ, ಕುಂಬಳೆ ಎಂದು ಯಾವ ಪೇಟೆಯಲ್ಲಿ ಬಸ್ಸಿಳಿದರೂ ಟಿಕೆಟ್ ಸಿಕ್ಕಿಸಿದ ಹಲಗೆ ಕಣ್ಣಿಗೆ ಬೀಳುತ್ತದೆ. ಓಣಂ ಬಂಪರಿನ ಕಾಲಕ್ಕೆ ಗಡಿಯಾಚೆಯ ಗಿರಾಕಿಗಳೂ ಸೇರಿಕೊಳ್ಳುತ್ತಾರೆ. 2024ರಲ್ಲಿ ಆ ಬಂಪರಿನ 25 ಕೋಟಿ ರೂಪಾಯಿಯ ಪ್ರಥಮ ಬಹುಮಾನ ಬಂದದ್ದು ಕರ್ನಾಟಕದ ಒಬ್ಬ ಮೆಕ್ಯಾನಿಕ್‌ಗೆ.

ಗೆಲ್ಲುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ ಇದ್ದರೂ ಜನ ಯಾಕೆ ದುಡ್ಡು ಹಾಕುತ್ತಾರೆ? ಅವರಿಗೆ ಲೆಕ್ಕ ಬರುವುದಿಲ್ಲ ಎಂಬುದು ಓದಿದವರ ಸಿದ್ಧ ಉತ್ತರ. ನನಗೆ ಅದು ಒಪ್ಪಿಗೆಯಲ್ಲ. ಬೀಡಿ ಕಟ್ಟುವವರು, ರಿಕ್ಷಾ ಓಡಿಸುವವರು, ಅಡಿಕೆ ಸುಲಿಯುವವರು ದಿನದ ಜಮಾ ಖರ್ಚನ್ನು ನಮಗಿಂತ ಚೆನ್ನಾಗಿ ಬಲ್ಲರು. ಅವರ ಕೈಗೆ ಬರದಿರುವುದು ಲೆಕ್ಕವಲ್ಲ, ಲಕ್ಷಾಂತರಗಳ ಗಾತ್ರದ ಅಂದಾಜು. ಅದು ನನಗೂ ನಿಮಗೂ ಅಷ್ಟೇ ಕಷ್ಟ. 2022ರ ಓಣಂ ಬಂಪರಿನಲ್ಲಿ ಮಾರಾಟವಾದ ಟಿಕೆಟುಗಳು 60 ಲಕ್ಷಕ್ಕೂ ಹೆಚ್ಚು. 25 ಕೋಟಿಯ ಬಹುಮಾನ ಒಂದೇ. 2011ರ ಜನಗಣತಿಯ ಪ್ರಕಾರ ನಮ್ಮ ಜಿಲ್ಲೆಯ ಜನಸಂಖ್ಯೆ ಸುಮಾರು 13 ಲಕ್ಷ. ಅಂದರೆ ಹೆಚ್ಚುಕಡಿಮೆ ಐದು ಕಾಸರಗೋಡು ಜಿಲ್ಲೆಗಳ ಜನರನ್ನು, ಹಸುಗೂಸುಗಳೂ ಸೇರಿದಂತೆ, ಒಂದೇ ಮೈದಾನದಲ್ಲಿ ನಿಲ್ಲಿಸಿ ಅವರಲ್ಲಿ ಒಬ್ಬರ ಹೆಸರು ಕರೆದಂತೆ ಅದು. ಆ ಬಹುಮಾನದಲ್ಲೂ ಏಜೆಂಟರ ಶೇಕಡಾ 10 ಕಮಿಷನ್ ಕಳೆದು, ಉಳಿದದ್ದರಲ್ಲಿ ಶೇಕಡಾ 30 ತೆರಿಗೆ ಮುರಿದರೆ ನಿಲ್ಲುವುದು 15.75 ಕೋಟಿ. ಟಿಕೆಟ್ ಹೆಚ್ಚು ಕೊಂಡಷ್ಟೂ ನಷ್ಟ ಹೆಚ್ಚು ಖಚಿತ, ಎಲ್ಲವನ್ನೂ ಒಬ್ಬನೇ ಕೊಂಡರೆ ನಷ್ಟವಾಗಿಯೇ ತೀರುತ್ತದೆ ಎಂದು ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ 18ನೆಯ ಶತಮಾನದಲ್ಲೇ ತೋರಿಸಿಕೊಟ್ಟಿದ್ದ.

ಆದರೆ ಕೊಳ್ಳುವವನ ಕಡೆಯಿಂದ ನೋಡಿದರೆ ಇನ್ನೊಂದು ಲೆಕ್ಕವಿದೆ. ದಿನಕ್ಕೆ 50 ರೂಪಾಯಿಯ ಒಂದು ಟಿಕೆಟ್ ಎಂದರೆ ತಿಂಗಳಿಗೆ 1,500. ಅದೇ ಹಣವನ್ನು ಊರಿನ ಕುರಿಗೆ, ಅಂದರೆ ಚೀಟಿ ಫಂಡಿಗೆ, ಕಟ್ಟಿದರೆ 40 ತಿಂಗಳಲ್ಲಿ 60,000 ರೂಪಾಯಿ ಕೈಸೇರುತ್ತದೆ ಎಂದು ನಾವು ಬುದ್ಧಿ ಹೇಳುತ್ತೇವೆ. ಮಾತು ಸರಿ. ಆದರೆ ಹತ್ತು ಸೆಂಟ್ಸ್ ಜಾಗ ಕೊಂಡು ಮನೆ ಕಟ್ಟಬೇಕೆನ್ನುವವನಿಗೆ ಆ 60,000ದಿಂದ ಬದುಕಿನ ಮಟ್ಟ ಬದಲಾಗುವುದಿಲ್ಲ. ಮಗಳ ಮದುವೆಯ ಸಾಲದ ಒಂದು ಭಾಗ ತೀರೀತು, ಅಷ್ಟೆ. ಸಣ್ಣ ಮೊತ್ತ ಕಳೆದುಕೊಂಡರೆ ಇದ್ದ ಸ್ಥಿತಿಯೇ ಮುಂದುವರಿಯುತ್ತದೆ, ದೊಡ್ಡ ಮೊತ್ತ ಬಂದರೆ ವರ್ಗವೇ ಬದಲಾಗುತ್ತದೆ, ಆದ್ದರಿಂದ ವಿಮೆ ಮಾಡಿಸುವ ಮನುಷ್ಯನೇ ಲಾಟರಿಯನ್ನೂ ಕೊಳ್ಳುವುದರಲ್ಲಿ ವಿರೋಧವಿಲ್ಲ ಎಂದು ಅರ್ಥಶಾಸ್ತ್ರಜ್ಞರಾದ ಫ್ರೀಡ್‌ಮನ್ ಮತ್ತು ಸ್ಯಾವೇಜ್ 1948ರಲ್ಲೇ ವಾದಿಸಿದ್ದರು. ಸಾಧ್ಯತೆ ತೀರಾ ಸಣ್ಣದಾದಾಗ ಮನಸ್ಸು ಅದಕ್ಕೆ ಸಲ್ಲಬೇಕಾದುದಕ್ಕಿಂತ ಹೆಚ್ಚು ತೂಕ ಕೊಡುತ್ತದೆಂಬುದನ್ನು ಮನಶ್ಶಾಸ್ತ್ರಜ್ಞರಾದ ಕಾನೆಮನ್ ಮತ್ತು ಟ್ವೆರ್ಸ್ಕಿ 1979ರಲ್ಲಿ ವಿವರಿಸಿದರು. ಇವೆರಡೂ ಬಂಪರ್ ಟಿಕೆಟನ್ನು ಚೆನ್ನಾಗಿ ವಿವರಿಸುತ್ತವೆ. 2023ರ ಮುಂಗಾರು ಬಂಪರಿನಲ್ಲಿ ಮಲಪ್ಪುರಂ ಜಿಲ್ಲೆಯ ಪರಪ್ಪನಂಗಾಡಿಯ ಹರಿತ ಕರ್ಮ ಸೇನೆಯ 11 ಮಂದಿ ಮಹಿಳೆಯರು, ಮನೆಮನೆಯಿಂದ ಪ್ಲಾಸ್ಟಿಕ್ ಕಸ ಸಂಗ್ರಹಿಸುವವರು, 250 ರೂಪಾಯಿಯ ಒಂದು ಟಿಕೆಟಿಗೆ ದುಡ್ಡು ಒಟ್ಟುಹಾಕಿ 10 ಕೋಟಿ ಗೆದ್ದರು. ಹೀಗೆ ವರ್ಷಕ್ಕೊಮ್ಮೆ ಹಂಚಿಕೊಂಡು ಕೊಳ್ಳುವುದನ್ನು ದುಶ್ಚಟವೆನ್ನಲು ನನ್ನ ನಾಲಿಗೆ ಏಳುವುದಿಲ್ಲ.

ನನಗೆ ತೊಡಕಾಗಿ ಕಾಣುವುದು ದಿನದ ಟಿಕೆಟ್. ಅದನ್ನು ನಡೆಸುವುದು ಕೋಟಿಯ ಆಸೆಯಲ್ಲ, ನೂರರ ಅಭ್ಯಾಸ.

ಹಲಗೆಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಕೊಳ್ಳುವವನು ಬಹುಮಾನದ ಮೊತ್ತವನ್ನು ಓದುವುದೇ ಇಲ್ಲ. ಬೆರಳು ನೇರವಾಗಿ ಕೊನೆಯ ನಾಲ್ಕು ಅಂಕೆಗಳ ಮೇಲೆ ಓಡುತ್ತದೆ. ನಿನ್ನೆ ಬಂದದ್ದು ಇವತ್ತು ಬಾರದು ಎಂದು ಒಂದನ್ನು ಬಿಟ್ಟು, ತನ್ನ ಗಾಡಿಯ ನಂಬರಿಗೆ ಹತ್ತಿರವಾದ ಇನ್ನೊಂದನ್ನು ಎಳೆಯುತ್ತಾನೆ. ತಾನೇ ಆರಿಸಿದ ಟಿಕೆಟಿಗೆ ಮನುಷ್ಯ ಹೆಚ್ಚು ಬೆಲೆ ಕಟ್ಟುತ್ತಾನೆ ಎಂಬುದನ್ನು ಮನಶ್ಶಾಸ್ತ್ರಜ್ಞೆ ಎಲೆನ್ ಲ್ಯಾಂಗರ್ ಅವರ 1975ರ ಪ್ರಯೋಗಗಳು ತೋರಿಸಿವೆ; ಟಿಕೆಟನ್ನು ಮರಳಿ ಮಾರುವಿರಾ ಎಂದು ಕೇಳಿದಾಗ, ಸ್ವತಃ ಆರಿಸಿಕೊಂಡವರು ಹೇಳಿದ ಬೆಲೆ ಉಳಿದವರು ಹೇಳಿದ್ದರ ನಾಲ್ಕು ಪಟ್ಟಿಗೂ ಹೆಚ್ಚಿತ್ತು. ಮಧ್ಯಾಹ್ನ ಮೂರು ಗಂಟೆಗೆ ತಿರುವನಂತಪುರದಲ್ಲಿ ಡ್ರಾ. ಅಂಕೆಗಳಿಗೆ ಆರಿಸಿಕೊಂಡವನ ಪರಿಚಯವಿಲ್ಲ.

ಕೊನೆಯ ನಾಲ್ಕು ಅಂಕೆಗಳಿಗೆ ಇರುವ ಸಾಧ್ಯತೆಗಳು 10,000. ಅವುಗಳಲ್ಲಿ ಕೆಲವು ನೂರು ಸಂಖ್ಯೆಗಳಿಗೆ ಐದು ಸಾವಿರದಿಂದ ಕೆಳಗಿನ ಸಣ್ಣ ಬಹುಮಾನಗಳು ಹೋಗುತ್ತವೆ. ಆದ್ದರಿಂದ ದಿನವೂ ಕೊಳ್ಳುವವನಿಗೆ ತಿಂಗಳು, ಎರಡು ತಿಂಗಳಿಗೊಮ್ಮೆ ಏನಾದರೂ ಬಂದೇ ಬರುತ್ತದೆ. ಒಂದು ಅಂಕೆಯಲ್ಲಿ ತಪ್ಪಿದ ದಿನಗಳು ಇನ್ನೂ ಹೆಚ್ಚು, ಮತ್ತು ಅವನ ನೆನಪಿನಲ್ಲಿ ಅವು ಸೋಲುಗಳಾಗಿ ಅಲ್ಲ, ಸ್ವಲ್ಪದರಲ್ಲಿ ಕೈತಪ್ಪಿದ ಗೆಲುವುಗಳಾಗಿ ಉಳಿಯುತ್ತವೆ. ನೂರು ರೂಪಾಯಿ ಬಂದಿತೆನ್ನಿ. ಸಣ್ಣ ಬಹುಮಾನದ ಹಣವನ್ನು ಮಾರುವವನೇ ಕೊಡಬಹುದಾದ್ದರಿಂದ ಗೆದ್ದವನು ಮರುದಿನ ಅದೇ ಹಲಗೆಯ ಮುಂದೆ ಬಂದು ನಿಲ್ಲುತ್ತಾನೆ. ಹಳೆಯ ಟಿಕೆಟ್ ಅತ್ತ ಹೋಗುತ್ತದೆ, ಹೊಸ ಎರಡು ಟಿಕೆಟ್ ಇತ್ತ ಬರುತ್ತವೆ. ನೋಟು ಕಿಸೆಯಿಂದ ಹೊರಬರುವುದೂ ಇಲ್ಲ, ಒಳಸೇರುವುದೂ ಇಲ್ಲ. ಗೆದ್ದೆನೆಂಬ ಸಮಾಧಾನ ಮಾತ್ರ ಅವನದು.

ಈ ಏರ್ಪಾಡು ಇಂದಿನದಲ್ಲ. 1967ರಲ್ಲಿ ಕೇರಳದ ಹಣಕಾಸು ಸಚಿವ ಪಿ.ಕೆ. ಕುಂಞು ಅವರ ಕಾಲದಲ್ಲಿ ಸರಕಾರದ ಲಾಟರಿ ಇಲಾಖೆ ಆರಂಭವಾಗಿ, 1968ರ ಜನವರಿ 26ರಂದು ಮೊದಲ ಡ್ರಾ ನಡೆದಾಗ ಟಿಕೆಟಿನ ಬೆಲೆ ಒಂದು ರೂಪಾಯಿ, ಪ್ರಥಮ ಬಹುಮಾನ 50,000. ಮಾರಾಟವನ್ನೇ ನೆಚ್ಚಿಕೊಂಡವರಲ್ಲಿ ವೃದ್ಧರು, ಅಂಗವಿಕಲರು ಬಹಳ ಮಂದಿ. 2011ರಲ್ಲಿ ಬಂದ ಕಾರುಣ್ಯ ಲಾಟರಿಯ ಲಾಭ ಬಡವರ ಚಿಕಿತ್ಸೆಗೆ ಹೋಗುವಂತಾಯಿತು. ಸೋತರೂ ಯಾರದೋ ಡಯಾಲಿಸಿಸಿಗೆ ಆಯಿತಲ್ಲ ಎಂದು ಟಿಕೆಟ್ ಹರಿದುಹಾಕುವವರ ಮಾತನ್ನು ನಾನು ನೆಪವೆಂದು ತಳ್ಳಿಹಾಕಲಾರೆ. ಆದರೆ ಬಡವನ ಚಿಕಿತ್ಸೆಗೆ ಹೆಚ್ಚಾಗಿ ಬಡವನ ಕಿಸೆಯಿಂದಲೇ ಹಣ ಎತ್ತುವ ಈ ವ್ಯವಸ್ಥೆ ಸರಕಾರಕ್ಕೆ ಅನುಕೂಲವಾದಷ್ಟು ನ್ಯಾಯವಾಗಿದೆಯೇ ಎಂದು ಕೇಳಲೇಬೇಕಾಗುತ್ತದೆ.

ಗಡಿಯಾಚೆಯಂತೆ ನಿಷೇಧಿಸಿ ಎಂದು ನಾನು ಹೇಳುವುದಿಲ್ಲ. ಲಾಟರಿ ಇಲ್ಲದಲ್ಲಿ ಮಟ್ಕಾದ ಚೀಟಿ ಹುಟ್ಟಿಕೊಳ್ಳುವುದನ್ನು ಕಂಡಿದ್ದೇವೆ. ಸಣ್ಣ ಬಹುಮಾನದ ಹಣ ಹಲಗೆಯ ಮುಂದೆ ಟಿಕೆಟಾಗಿ ತಿರುಗದೆ, ನೇರವಾಗಿ ಬ್ಯಾಂಕ್ ಖಾತೆಗೆ ಹೋಗುವಂತೆ ನಿಯಮ ಮಾಡಬಹುದು ಎಂಬುದಷ್ಟೇ ನನ್ನ ಸಲಹೆ. ಇದರಿಂದ ಮಾರುವವರ ಕಮಿಷನ್ ಕಡಿಮೆಯಾಗುತ್ತದೆಂಬ ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದೂ ಹೌದು. ಆ ನಷ್ಟವನ್ನು ಇಲಾಖೆ ತನ್ನ ಲಾಭದಿಂದ ತುಂಬಿಕೊಡಬೇಕಾಗುತ್ತದೆ.