ಮೆಂಟ್‌ಮೋರ್ ಹರಾಜಿನ ಐದು ಸಂಪುಟಗಳು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ ಹಿರಿಯರೇ, ಸಂಗ್ರಹಾಲಯಗಳ ಕೆಲಸದಲ್ಲಿ ತೊಡಗಿರುವ ಗೆಳೆಯರೇ,

ಮೇ 18ನ್ನು ವಸ್ತುಸಂಗ್ರಹಾಲಯ ದಿನವೆಂದು ಆಚರಿಸುವ ತೀರ್ಮಾನವಾದದ್ದು 1977ರಲ್ಲಿ ಎಂಬುದು ನಿಮಗೆಲ್ಲ ತಿಳಿದಿದೆ. ಅದೇ ವರ್ಷ, ಅದೇ ಮೇ 18ರಂದು, ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಶೈರ್‌ನ ಮೆಂಟ್‌ಮೋರ್ ಟವರ್ಸ್ ಎಂಬ ಮಹಲಿನ ಸಾಮಾನನ್ನು ಸೋಥ್‌ಬೀಸ್ ಸಂಸ್ಥೆ ಹರಾಜಿಗೆ ಇಟ್ಟಿತು. ಸಂಗ್ರಹಾಲಯಗಳಿಗೆಂದು ಒಂದು ದಿನ ಗೊತ್ತಾದ ವರ್ಷದಲ್ಲೇ, ಆ ದಿನದಂದೇ, ಸಂಗ್ರಹಾಲಯವಾಗಬಹುದಾಗಿದ್ದ ಮನೆಯೊಂದು ಬಿಡಿಬಿಡಿಯಾಗಿ ಮಾರಾಟವಾಗತೊಡಗಿದ್ದನ್ನು ಯಾರೂ ಬೇಕೆಂದು ಹೊಂದಿಸಿರಲಾರರು. ಆದರೂ ಇಂದಿನ ಉಪನ್ಯಾಸಕ್ಕೆ ಬೇರೆ ವಿಷಯವನ್ನು ಹುಡುಕಲು ನನಗೆ ಮನಸ್ಸಾಗಲಿಲ್ಲ.

ಆ ಮನೆಯನ್ನು ಕಟ್ಟಿಸಿದವನು ಬ್ಯಾರನ್ ಮೇಯರ್ ಡಿ ರಾಥ್‌ಚೈಲ್ಡ್. ಲಂಡನ್ನಿನ ಗಾಜಿನ ಅರಮನೆ ಎಂದು ಹೆಸರಾದ ಕ್ರಿಸ್ಟಲ್ ಪ್ಯಾಲೇಸಿನ ಜೋಸೆಫ್ ಪ್ಯಾಕ್ಸ್‌ಟನ್ 1850ರ ದಶಕದಲ್ಲಿ ಅದರ ವಿನ್ಯಾಸ ಮಾಡಿದ. ಬ್ಯಾರನ್ 1874ರಲ್ಲಿ ತೀರಿಕೊಂಡಾಗ ಮನೆ ಅವನ ಒಬ್ಬಳೇ ಮಗಳು ಹ್ಯಾನಾಳಿಗೆ ಬಂತು. ಅವಳು ಮದುವೆಯಾದದ್ದು ಮುಂದೆ ಬ್ರಿಟನ್ನಿನ ಪ್ರಧಾನಿಯಾದ ರೋಸ್‌ಬರಿ ಅರ್ಲ್‌ನನ್ನು. ಹೀಗೆ ಎರಡು ಶ್ರೀಮಂತ ಮನೆತನಗಳು ನೂರಿಪ್ಪತ್ತು ವರ್ಷ ಕೂಡಿಟ್ಟ ಫ್ರೆಂಚ್ ಪೀಠೋಪಕರಣ, ಪಿಂಗಾಣಿ, ಬೆಳ್ಳಿ ಮತ್ತು ಚಿತ್ರಗಳು ಒಂದೇ ಸೂರಿನ ಕೆಳಗಿದ್ದವು.

ರೋಸ್‌ಬರಿ ಮನೆತನದ ಆರನೆಯ ಅರ್ಲ್ 1974ರಲ್ಲಿ ಕಾಲವಾದ ಮೇಲೆ ಆಸ್ತಿಯ ಮೇಲಿನ ಮರಣ ತೆರಿಗೆಯ ಲೆಕ್ಕ ಬಂತು. ವಾರಸುದಾರರು ಮನೆಯನ್ನೂ ಅದರೊಳಗಿನ ಸಾಮಾನನ್ನೂ 20 ಲಕ್ಷ ಪೌಂಡುಗಳಿಗೆ ಸರ್ಕಾರವೇ ಇಟ್ಟುಕೊಳ್ಳಲಿ ಎಂದರು. ಸರ್ಕಾರ ಒಪ್ಪಲಿಲ್ಲ. ಹಣವಿಲ್ಲದೆ ಒಪ್ಪಲಿಲ್ಲವೆಂದರೆ ನಂಬಬಹುದಿತ್ತು. ಆದರೆ ಯುದ್ಧದಲ್ಲಿ ಮಡಿದವರ ನೆನಪಿಗೆಂದು 1946ರಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಭೂನಿಧಿ ಇಂಥ ಕೆಲಸಕ್ಕೆಂದೇ ಇತ್ತು, ಅದರಲ್ಲಿ ಹಣವೂ ಇತ್ತು. ಹರಾಜಿನಿಂದ ಕೊನೆಗೆ ಬಂದದ್ದು 60 ಲಕ್ಷ ಪೌಂಡುಗಳಿಗೂ ಹೆಚ್ಚು. ಕೂಡಿಯೇ ಇದ್ದಾಗ 20 ಲಕ್ಷಕ್ಕೂ ಬೇಡವಾದದ್ದು ಬಿಡಿಬಿಡಿಯಾದಾಗ ಮೂರು ಪಟ್ಟಾಯಿತು. ನಮ್ಮಲ್ಲಿ ತೋಟವನ್ನು ಸೈಟು ಮಾಡಿ ಮಾರುವವರಿಗೆ ಈ ಗಣಿತವನ್ನು ಯಾರೂ ಕಲಿಸಬೇಕಾಗಿಲ್ಲ.

ಸಂಗ್ರಹವನ್ನು ಹರಾಜು ಹಾಕುವುದೇ ಪಾಪ ಎಂದು ನಾನು ಹೇಳುತ್ತಿಲ್ಲ. ಸಂಗ್ರಹಕಾರನೂ ಇನ್ನಾರದೋ ಹರಾಜಿನಿಂದಲೇ ಕೊಂಡು ತಂದಿರುತ್ತಾನೆ. ವಸ್ತು ಕೈಯಿಂದ ಕೈಗೆ ಹೋಗುವುದು ಅದರ ಹಣೆಬರಹ. ನನ್ನ ಚಿಂತೆ ಬೇರೆ. ವಸ್ತು ಹೊಸಿಲು ದಾಟುವ ಮೊದಲು ಅದು ಏನು, ಯಾರು ಮಾಡಿದ್ದು, ಯಾರ ಕೈಯಿಂದ ಬಂತು, ಮನೆಯಲ್ಲಿ ಎಲ್ಲಿ ಇತ್ತು ಎಂಬುದನ್ನು ಬರೆದಿಡುವವರು ಯಾರು? ಬೆಲೆ ಕಟ್ಟುವವರು ಫೋನು ಮಾಡಿದರೆ ಮನೆಗೇ ಬರುತ್ತಾರೆ. ಬರೆದಿಡುವವರನ್ನು ಕರೆಯುವ ರೂಢಿಯೇ ನಮ್ಮಲ್ಲಿಲ್ಲ.

ಮೆಂಟ್‌ಮೋರಿನಲ್ಲಿ ಬರೆದಿರಲಿಲ್ಲವೇ ಎಂದು ನೀವು ಕೇಳಬಹುದು. ಬರೆದಿದ್ದರು, ಐದು ಸಂಪುಟಗಳಷ್ಟು. ಪೀಠೋಪಕರಣಕ್ಕೆ ಒಂದು, ಬೆಳ್ಳಿ ಮತ್ತು ಕಲಾವಸ್ತುಗಳಿಗೆ ಒಂದು, ಪಿಂಗಾಣಿಗೆ ಒಂದು, ಚಿತ್ರಗಳಿಗೆ ಒಂದು, ಮನೆಯ ಉಳಿದ ಸಾಮಾನಿಗೆ ಇನ್ನೊಂದು. ಇಷ್ಟೆಲ್ಲ ಆದ ಮೇಲೂ ನಡೆದ ಒಂದು ಸಂಗತಿಯನ್ನು ನಾನು ಹೋದಲ್ಲೆಲ್ಲ ಹೇಳುತ್ತೇನೆ. ಹಿಂದೆ ಕೇಳಿದವರು ಕ್ಷಮಿಸಬೇಕು.

ಚಿತ್ರಗಳ ಸಂಪುಟದಲ್ಲಿ ‘ಶುಕ್ರದೇವತೆಯ ಶೃಂಗಾರ’ (ಶುಕ್ರದೇವತೆ ಎಂದರೆ ರೋಮನ್ನರ ಪ್ರೇಮದೇವತೆ ವೀನಸ್) ಎಂಬರ್ಥದ ಶೀರ್ಷಿಕೆಯ ಚಿತ್ರವೊಂದಿತ್ತು. ಬರೆದವನು 18ನೆಯ ಶತಮಾನದ ಫ್ರೆಂಚ್ ಕಲಾವಿದ ಕಾರ್ಲ್ ವಾನ್ ಲೂ ಎಂದು ನಮೂದಾಗಿತ್ತು. ಡೇವಿಡ್ ಕ್ಯಾರಿಟ್ ಎಂಬ ಕಲಾವ್ಯಾಪಾರಿ, ಮೊದಲೇ ಇಟಲಿಯ ಹೆಸರಾಂತ ಕಲಾವಿದ ಕಾರವಾಜ್ಜೊನ ಒಂದು ಚಿತ್ರವನ್ನು ಗುರುತಿಸಿ ಹೆಸರಾಗಿದ್ದವನು, ಅದನ್ನು ನೋಡಿದ. ಚಿತ್ರದಲ್ಲಿರುವುದು ಶುಕ್ರದೇವತೆಯಲ್ಲ, ಪ್ರಿಯಕರ ಕೊಟ್ಟ ಉಡುಗೊರೆಗಳನ್ನು ಅಕ್ಕಂದಿರಿಗೆ ತೋರಿಸುತ್ತಿರುವ ಸೈಕಿ ಎಂಬ ಪುರಾಣದ ಹುಡುಗಿ ಎಂದೂ, ಬರೆದವನು ವಾನ್ ಲೂ ಅಲ್ಲ, ಅದೇ ಶತಮಾನದ ಇನ್ನೊಬ್ಬ ಫ್ರೆಂಚ್ ಕಲಾವಿದ ಫ್ರಾಗೊನಾರ್ ಎಂದೂ ಅವನಿಗೆ ಹೊಳೆಯಿತು. ಫ್ರಾಗೊನಾರ್ ಇನ್ನೂ ವಿದ್ಯಾರ್ಥಿಯಾಗಿದ್ದಾಗ 1753ರಲ್ಲಿ ಬರೆದ ಚಿತ್ರವದು. ವರ್ಸೈ ಅರಮನೆಯಲ್ಲಿ ಹದಿನೈದನೆಯ ಲೂಯಿ ದೊರೆಗೆ ತೋರಿಸಿದ್ದ ಚಿತ್ರ. ಆ ದಿನಗಳಲ್ಲಿ ಫ್ರಾಗೊನಾರ್‌ಗೆ ಪಾಠ ಹೇಳುತ್ತಿದ್ದವನು ಯಾರು ಬಲ್ಲಿರಾ? ಅದೇ ವಾನ್ ಲೂ. ಶಿಷ್ಯ ಬರೆದದ್ದನ್ನು ಗುರುವಿನ ಖಾತೆಗೆ ಹಾಕುವುದು ನಮ್ಮ ವಿಶ್ವವಿದ್ಯಾಲಯಗಳಿಗೇನೂ ಹೊಸದಲ್ಲ, ಆದರೆ ಇಲ್ಲಿ ಗುರು ಅದನ್ನು ಬಯಸಿರಲಿಲ್ಲ ಅಷ್ಟೇ.

ಕ್ಯಾರಿಟ್ ಸುಮ್ಮನಿದ್ದು 8,000 ಪೌಂಡುಗಳಿಗೆ ಚಿತ್ರವನ್ನು ಕೊಂಡ. ಮರುವರ್ಷ ಲಂಡನ್ನಿನ ನ್ಯಾಷನಲ್ ಗ್ಯಾಲರಿ ಅದಕ್ಕೇ 4,95,000 ಪೌಂಡು ಕೊಟ್ಟಿತು. ಮನೆಯನ್ನೆಲ್ಲ 20 ಲಕ್ಷಕ್ಕೆ ಬೇಡವೆಂದ ದೇಶ, ಆ ಮನೆಯ ಒಂದು ಚಿತ್ರಕ್ಕೆ ಸುಮಾರು ಐದು ಲಕ್ಷ ತೆತ್ತಿತು. ಇದರಲ್ಲಿ ಯಾರೂ ಮೋಸ ಮಾಡಲಿಲ್ಲ. ಹರಾಜಿನ ನಿಯಮದಂತೆ ಕಣ್ಣಿದ್ದವನು ಗೆದ್ದ. ಸೋಲು ಇರುವುದು ಅದಕ್ಕೂ ಮೊದಲು: ಆ ಚಿತ್ರ ಮೆಂಟ್‌ಮೋರಿನ ಗೋಡೆಯ ಮೇಲಿದ್ದ ಅಷ್ಟು ವರ್ಷ ಯಾರೂ ಅದರ ಮುಂದೆ ನಿಂತು, ಇದು ಯಾವ ಕಥೆ, ಯಾರ ಕೈ ಎಂದು ಕೇಳಿ ಉತ್ತರವನ್ನು ಬರೆದಿಡಲಿಲ್ಲ. ಹರಾಜಿನ ಅವಸರದಲ್ಲಿ ಸಾವಿರಾರು ವಸ್ತುಗಳ ನಡುವೆ ಬರೆದ ಪಟ್ಟಿ ಆ ಕೆಲಸವನ್ನು ತುಂಬಿಕೊಡಲಾರದು.

ಬರೆದಿಟ್ಟದ್ದರಿಂದ ಮಾರುವವರಿಗೆ ತೊಡಕಾಗುವುದೂ ಉಂಟು, ಅದನ್ನು ಮುಚ್ಚಿಡಬಾರದು. ವಸ್ತ್ರವಿನ್ಯಾಸಕಾರ ಈವ್ ಸೇಂಟ್ ಲಾರೆಂಟ್ ತೀರಿಕೊಂಡ ಮರುವರ್ಷ, 2009ರ ಫೆಬ್ರವರಿಯಲ್ಲಿ, ಅವರ ಸಂಗಾತಿ ಪಿಯರ್ ಬರ್ಜೆ ಇಬ್ಬರೂ ಸೇರಿ ಕಟ್ಟಿದ್ದ ಸಂಗ್ರಹವನ್ನು ಪ್ಯಾರಿಸ್ಸಿನಲ್ಲಿ ಕ್ರಿಸ್ಟೀಸ್ ಎಂಬ ಹರಾಜು ಸಂಸ್ಥೆಯ ಮೂಲಕ ಮಾರಿದರು. ಮೂರು ದಿನಗಳಲ್ಲಿ 37 ಕೋಟಿ ಯೂರೊಗಳಿಗೂ ಹೆಚ್ಚು ಬಂತು. ಪೀಠೋಪಕರಣ ವಿನ್ಯಾಸಕಿ ಐಲೀನ್ ಗ್ರೇ ಮಾಡಿದ ಒಂದೇ ಒಂದು ಕುರ್ಚಿ ಎರಡು ಕೋಟಿ ಯೂರೊ ದಾಟಿತು. ಅದರ ಮೇಲೆ ಇನ್ನು ಕೂರುವ ಧೈರ್ಯ ಯಾರಿಗಿದೆಯೋ ಕಾಣೆ. ಆದರೆ ಅದೇ ಹರಾಜಿನಲ್ಲಿದ್ದ ಇಲಿ ಮತ್ತು ಮೊಲದ ಎರಡು ಕಂಚಿನ ತಲೆಗಳು 1860ರಲ್ಲಿ ಬೀಜಿಂಗಿನ ಹಳೆಯ ಬೇಸಿಗೆ ಅರಮನೆಯಿಂದ ಲೂಟಿಯಾದವು ಎಂಬುದು ಎಲ್ಲರಿಗೂ ತಿಳಿದಿತ್ತು. ಅವನ್ನು ಗೆದ್ದ ಚೀನಾದ ವ್ಯಕ್ತಿ ಹಣ ಕೊಡುವುದಿಲ್ಲವೆಂದು ಬಹಿರಂಗವಾಗಿಯೇ ಹೇಳಿಬಿಟ್ಟ. ಕೊನೆಗೆ 2013ರಲ್ಲಿ ಅವು ಕೊಡುಗೆಯ ರೂಪದಲ್ಲಿ ಚೀನಾಕ್ಕೆ ಮರಳಿದವು. ವಸ್ತುವಿನ ಹಿಂದಿನ ಕಥೆ ಬೆಲೆಯನ್ನು ಏರಿಸುತ್ತದೆ, ಮಾರಾಟವನ್ನೇ ಕೆಡಿಸುತ್ತದೆ ಕೂಡ. ಆದರೂ ಬರೆದಿಡಬೇಕೆಂದೇ ನಾನು ಹೇಳುತ್ತೇನೆ, ಕೆಡುವ ಮಾರಾಟ ಕೆಡಲಿ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ನಮ್ಮ ದೇಶದ ಕಾನೂನನ್ನು ಕುರಿತು ನಾಲ್ಕು ಪುಟ ಬರೆದು ತಂದಿದ್ದೆ, ನಾಲ್ಕು ವಾಕ್ಯಗಳಲ್ಲಿ ಮುಗಿಸುತ್ತೇನೆ. 1972ರ ಪ್ರಾಚೀನ ವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತುವನ್ನು, ಎಪ್ಪತ್ತೈದು ದಾಟಿದ ಮಹತ್ವದ ಹಸ್ತಪ್ರತಿಯನ್ನು ಖಾಸಗಿಯವರು ಹೊರದೇಶಕ್ಕೆ ಮಾರುವಂತಿಲ್ಲ. ರವಿವರ್ಮ, ಅಮೃತಾ ಶೇರ್‌ಗಿಲ್, ಜಾಮಿನಿ ರಾಯ್, ನಿಕೊಲಾಯ್ ರೋರಿಕ್ ಮುಂತಾದವರ ಕೃತಿಗಳಿಗೂ ಇದೇ ಕಟ್ಟು. ಈ ಕಾನೂನು ವಸ್ತುವನ್ನು ಗಡಿಯಲ್ಲಿ ತಡೆಯುತ್ತದೆ. ಆದರೆ ಅಟ್ಟದಿಂದ ಗುಜರಿಯವನ ಲಾರಿಗೆ ಏರುವಾಗ ಅದನ್ನು ತಡೆಯುವವರಿಲ್ಲ.

ಮೆಂಟ್‌ಮೋರ್ ಮುಂದೇನಾಯಿತು ಎಂಬ ಪ್ರಶ್ನೆ ಉಳಿಯಬಾರದು. ಆ ಹರಾಜಿನ ಬಗ್ಗೆ ಎದ್ದ ಗಲಾಟೆಯ ಫಲವಾಗಿ 1980ರಲ್ಲಿ ಬ್ರಿಟನ್ನಿನಲ್ಲಿ ರಾಷ್ಟ್ರೀಯ ಪರಂಪರೆ ಸ್ಮಾರಕ ನಿಧಿ ಬಂತು. ಬರಿದಾದ ಮನೆಯನ್ನು ಕೊಂಡದ್ದು ನಮ್ಮ ಮಹರ್ಷಿ ಮಹೇಶ ಯೋಗಿಗಳ ಸಂಸ್ಥೆ. ಧ್ಯಾನಕ್ಕೆ ಖಾಲಿ ಮನೆಯೇ ಅನುಕೂಲ ಎನ್ನಿ.

ಒಂದೇ ಮಾತು ಉಳಿದಿದೆ. ಕೆಲವು ವರ್ಷಗಳ ಹಿಂದೆ ಪರಿಚಿತರ ಹಳೆಯ ಮನೆಯೊಂದರ ಸಾಮಾನನ್ನು ಮಾರುವಾಗ ನನ್ನನ್ನೂ ಕರೆದಿದ್ದರು. ದಂತದ ಕುಸುರಿಯಿದ್ದ ಬೀಟೆಮರದ ಬೀರು ಅಂಗಳಕ್ಕೆ ಬಂದಿತ್ತು. ಬಾಗಿಲಿನ ಒಳಬದಿಯಲ್ಲಿ ಅಂಗೈಯಗಲದ ಕಾಗದವನ್ನು ಅಂಟಿಸಿದ್ದ ಗುರುತು ಕಾಣುತ್ತಿತ್ತು. ಚೆನ್ನಾಗಿ ಕಾಣಲೆಂದು ಹಿಂದಿನ ದಿನವಷ್ಟೇ ಪಾಲಿಶ್‌ನವನಿಂದ ಅದನ್ನು ಕೆರೆಸಿ ಹಾಕಿದ್ದರು. ಅದರಲ್ಲಿ ಏನು ಬರೆದಿತ್ತು ಎಂದು ಮನೆಯ ಹಿರಿಯ ಮಗನನ್ನು ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, “ಅಪ್ಪನಿಗೆ ಗೊತ್ತಿತ್ತು, ಸರ್” ಎಂದರು.

ನಮಸ್ಕಾರ.